ಗಿಡ್ಡಿಯ ಅಳತೆಗೆ ನಿಂತ ಆರು ಕಲ್ಲು

ಇನ್ನಾಸಿಯಮ್ಮಾಳನ್ನು ನಾನು ಬಸ್ಸಿನಿಂದ ಎಷ್ಟು ಸಲ ಇಳಿಸಿದ್ದೇನೆ ಎಂದು ಎಣಿಸಿಟ್ಟಿಲ್ಲ. ಎಣಿಸಿದ್ದರೆ ಇವತ್ತು ಬಂದರಿನ ಕೇರಿಯಲ್ಲಿ ತಲೆ ಎತ್ತಿ ಓಡಾಡುವುದು ಇನ್ನೂ ಕಷ್ಟವಾಗುತ್ತಿತ್ತು. ನಾನು ಇಸಕ್ಕಿಮುತ್ತು. ಪವಳಪಟ್ಟಣದ ಬಂದರಿನಿಂದ ಮೇಲೂರು ಬಡಾವಣೆಗೆ ಓಡುವ ಖಾಸಗಿ ಟೌನ್ ಬಸ್ಸಿನಲ್ಲಿ ಇಪ್ಪತ್ತಾರು ವರ್ಷ ಕಂಡಕ್ಟರಾಗಿದ್ದೆ. ಮೀನು ಹತ್ತಿಸಬಾರದು ಎಂಬುದು ಮಾಲೀಕರ ಅಪ್ಪಣೆ. ಮಾಲೀಕರು ಹೇಳಿದ್ದು ಒಂದು ಪಾಲಾದರೆ ನಾನು ಮಾಡಿದ್ದು ಎರಡು ಪಾಲು. ಶಿಳ್ಳೆ ಬಾಯಲ್ಲಿದ್ದವನಿಗೆ ಅಷ್ಟು ಅಹಂಕಾರ ಇದ್ದೇ ಇರುತ್ತದೆ.

"ಇಳಿಯಕ್ಕಾ, ಇಳಿ. ಜನ ಮೂಗು ಮುಚ್ಕೋತಿದಾರೆ," ಅನ್ನುತ್ತಿದ್ದೆ.

"ನನ್ನ ಮೀನು ನಿನ್ನ ಬಸ್ಸಲ್ಲಿ ನಾರುತ್ತೆ, ನಿನ್ನ ಹೆಂಡ್ತಿ ಸಾರಲ್ಲಿ ಮಾತ್ರ ಘಮಘಮ ಅನ್ನುತ್ತಾ ತಮ್ಮಾ?" ಎಂದು ಅವಳು ಇಡೀ ಬಸ್ಸಿಗೆ ಕೇಳುವಂತೆ ಹೇಳಿ ಇಳಿಯುತ್ತಿದ್ದಳು. ಬಸ್ಸು ನಗುತ್ತಿತ್ತು. ನನಗೆ ಕಿವಿ ಬಿಸಿಯಾಗುತ್ತಿತ್ತು. ಆದರೂ ಇಳಿಸುವುದನ್ನು ಬಿಡಲಿಲ್ಲ.

ಇಳಿದವಳು ನಡೆಯಬೇಕು. ಬಂದರಿನಿಂದ ಮೇಲೂರಿಗೆ ನಾಲ್ಕೂವರೆ ಕಿಲೋಮೀಟರ್. ತಲೆಯ ಮೇಲೆ ಬಟ್ಟೆಯ ಸಿಂಬಿ, ಸಿಂಬಿಯ ಮೇಲೆ ಅಲ್ಯುಮಿನಿಯಂ ಬೋಗುಣಿ, ಬೋಗುಣಿಯಲ್ಲಿ ಇಪ್ಪತ್ತೈದೋ ಮೂವತ್ತೋ ಕಿಲೋ ಬಂಗುಡೆ, ಮೇಲೆ ಐಸು. ಆ ಕೇರಿಯ ನಲವತ್ತು ಹೆಂಗಸರು ಹೀಗೇ ನಡೆಯುತ್ತಿದ್ದರು. ಹೊರುವುದನ್ನು ನೋಡಿ ನಾವೆಲ್ಲ ಅಯ್ಯೋ ಪಾಪ ಅನ್ನುತ್ತೇವೆ. ನಿಜವಾದ ಕಷ್ಟ ಹೊರುವುದರಲ್ಲಿಲ್ಲ. ಅಷ್ಟು ಭಾರವನ್ನು ಒಬ್ಬಳೇ ತಲೆಗೆ ಏರಿಸಲಾಗುವುದಿಲ್ಲ, ಒಬ್ಬಳೇ ಇಳಿಸಲೂ ಆಗುವುದಿಲ್ಲ. ಇನ್ನೊಬ್ಬರ ಕೈ ಬೇಕು. ಬಂದರಿನಲ್ಲಿ ಕೈಗಳಿಗೆ ಬರವಿಲ್ಲ. ಪೇಟೆಗೆ ಬಂದ ಮೇಲೆ ಮೀನಿನ ನೀರು ಸೋರುವ ಬೋಗುಣಿಗೆ ಕೈ ಕೊಡುವವರು ಯಾರು? ಹಾಗಾಗಿ ಬಾಯಾರಿದರೂ, ಉಚ್ಚೆ ಬಂದರೂ, ಕತ್ತು ಸಿಡಿದರೂ ಇಳಿಸದೆ ನಡೆಯುತ್ತಿದ್ದರು.

ಹಿಂದೆ ಹೀಗಿರಲಿಲ್ಲ. ಮಾರ್ಕೆಟ್ ರಸ್ತೆಯ ಉದ್ದಕ್ಕೂ ನಾಲ್ಕು ಹೊರೆಗಲ್ಲುಗಳಿದ್ದವು. ಎರಡು ನಿಂತ ಕಂಬ, ಮೇಲೊಂದು ಅಡ್ಡಗಲ್ಲು, ತಲೆಮಟ್ಟದ ಎತ್ತರ. ಕಲ್ಲಿಗೆ ಬೆನ್ನು ಕೊಟ್ಟು ನಿಂತು ಸ್ವಲ್ಪ ಕುಗ್ಗಿದರೆ ಹೊರೆ ತಾನೇ ಕಲ್ಲಿನ ಮೇಲೆ ಜಾರಿ ಕೂರುತ್ತದೆ. ಸುಧಾರಿಸಿಕೊಂಡು ಮತ್ತೆ ಅಡಿಗೆ ತಲೆ ಕೊಟ್ಟರೆ ತಲೆಗೆ ಬರುತ್ತದೆ. ಯಾರನ್ನೂ ಬೇಡಬೇಕಿಲ್ಲ. ನಮ್ಮ ಕಡೆ ಇಂಥ ಕಲ್ಲನ್ನು ಸುಮ್ಮನೆ ಯಾರೂ ನಿಲ್ಲಿಸುವುದಿಲ್ಲ. ಬಸುರಿಯಾಗಿದ್ದಾಗಲೇ ಸತ್ತವಳಿಗಾಗಿ ನಿಲ್ಲಿಸುತ್ತಾರೆ. ಅವಳು ಇಳಿಸಲಾರದೆ ಹೋದ ಭಾರವನ್ನು ಆ ಕಲ್ಲು ಊರವರ ಹೊರೆ ಹೊತ್ತು ತೀರಿಸುತ್ತದೆ ಎಂದು ನಂಬಿಕೆ. ಗಡಿಯಾರ ಕಂಬದ ಹತ್ತಿರ ಇದ್ದ ಕಲ್ಲು ಇನ್ನಾಸಿಯಮ್ಮಾಳ ತಾಯಿ ಅಂದೋನಿಯಮ್ಮಾಳದು. ಏಳು ತಿಂಗಳ ಬಸುರಿ ಸತ್ತಾಗ ಇನ್ನಾಸಿಗೆ ಒಂಬತ್ತು ವರ್ಷ. ಹದಿನಾಲ್ಕಕ್ಕೆ ಬೋಗುಣಿ ಹೊತ್ತವಳು ನಲವತ್ತು ವರ್ಷ ದಿನಾ ಆ ಕಲ್ಲಿನ ಮೇಲೆ ಇಳಿಸಿದ್ದಾಳೆ. "ನಮ್ಮವ್ವನ ಹೆಗಲು" ಅನ್ನುತ್ತಿದ್ದಳು.

ಆಮೇಲೆ ರಸ್ತೆ ಅಗಲ ಮಾಡಿದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಎಂಬಂತೆ ಗಡಿಯಾರ ಕಂಬಕ್ಕೆ ಬಣ್ಣದ ನೀರಿನ ಕಾರಂಜಿ ಬಂತು. ಕಲ್ಲುಗಳು ಹೋದವು. ಹೆಂಗಸರು ಇಳಿಸಲು ಜಾಗ ಹುಡುಕಿಕೊಂಡು ನಾಲ್ಕು ಸಾಲು ವಾಹನಗಳ ನಡುವೆ ರಸ್ತೆ ದಾಟಿ ಒಂದು ಮದುವೆ ಮಂಟಪದ ಕಾಂಪೌಂಡಿಗೆ ಹೋಗುತ್ತಿದ್ದರು. ಅಲ್ಲಿಂದ ಕಾವಲುಗಾರ ಓಡಿಸುತ್ತಿದ್ದ. ತಲೆಯ ಮೇಲೆ ಬೋಗುಣಿ ಇರುವವಳು ಎಡಕ್ಕೂ ಬಲಕ್ಕೂ ಕತ್ತು ತಿರುಗಿಸಲಾರಳು. ಆರು ವರ್ಷದಲ್ಲಿ ಇಬ್ಬರ ಕಾಲು ಮುರಿಯಿತು. ನಾನು ಬಸ್ಸಿನ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿದ್ದೇನೆ. ನೋಡುವುದಕ್ಕೇನು ಟಿಕೆಟ್ಟಿಲ್ಲವಲ್ಲ.

ಆ ಅಕ್ಟೋಬರಿನಲ್ಲಿ ಇನ್ನಾಸಿಯ ಸೊಸೆ ಜೆನೋವಾಳಿಗೆ ನಾಲ್ಕನೇ ತಿಂಗಳು. ಗಂಡ ಅಂತೋನಿ ಕೊಚ್ಚಿಯ ದೋಣಿಗಳಲ್ಲಿ ದುಡಿಯಲು ಹೋಗಿದ್ದ. ಜೆನೋವಾ ನಾಲ್ಕಡಿ ಏಳಂಗುಲದ ಹುಡುಗಿ, ನಾಲಗೆ ಮಾತ್ರ ಆರಡಿ. ಹೊರಬೇಡವೆಂದು ಅತ್ತೆ ಬೈದರೆ, "ನೀವು ನನ್ನ ಗಂಡನ್ನ ಹೊಟ್ಟೇಲಿಟ್ಕೊಂಡು ಹೊರಲಿಲ್ವಾ ಅತ್ತೆ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಒಂದು ಬೆಳಿಗ್ಗೆ ಹತ್ತರ ಬಿಸಿಲಿನಲ್ಲಿ ನಮ್ಮ ಬಸ್ಸು ಗಡಿಯಾರ ಕಂಬದಲ್ಲಿ ನಿಂತಿತ್ತು. ಜೆನೋವಾ ಬೋಗುಣಿ ಹೊತ್ತು ಬಂದಳು. ಸರಿಯಾಗಿ ಹಳೆಯ ಕಲ್ಲಿದ್ದ ಜಾಗದಲ್ಲಿ ತೂರಾಡಿ ನಿಂತಳು.

"ಅಣ್ಣಾ, ಒಂದು ಕೈ ಕೊಡಣ್ಣಾ. ಕಣ್ಣು ಕತ್ತಲೆ ಬರ್ತಿದೆ," ಅಂದಳು.

ಅವಳು ಕೇಳಿದ್ದು ನನ್ನನ್ನೇ. ಮೂರು ಹೆಜ್ಜೆ ದೂರ. ನಾನು ಅವತ್ತು ಒಗೆದ ಖಾಕಿ ಹಾಕಿದ್ದೆ, ಇಸ್ತ್ರಿ ಮಾಡಿದ್ದು. ಅಷ್ಟೇ ಕಾರಣ. ಬೇರೆ ಯಾವ ಕಾರಣವೂ ಇರಲಿಲ್ಲ, ಇತ್ತೆಂದು ಈಗ ಸುಳ್ಳು ಹೇಳುವುದಿಲ್ಲ. ಡ್ರೈವರ್ ಹಾರ್ನ್ ಹೊಡೆದ. ನಾನು ಶಿಳ್ಳೆಗೆ ಕೈ ಹಾಕಿದೆ.

ಆ ಹುಡುಗಿ ಬೋಗುಣಿಯನ್ನು ಮುಂದಕ್ಕೆ ನೂಕಿಬಿಟ್ಟಳು. ಮೂವತ್ತು ಕಿಲೋ ಬಂಗುಡೆ ರಸ್ತೆಗೆ ಚೆಲ್ಲಿತು. ಎರಡೂ ಕೈಯಲ್ಲಿ ಹೊಟ್ಟೆ ಹಿಡಿದು ಅವಳು ಅಲ್ಲೇ ಕುಕ್ಕರಿಸಿದಳು. ಆಟೋ ಚಕ್ರ ಮೀನಿನ ಮೇಲೆ ಹರಿಯಿತು, ಕಾಗೆಗಳು ಇಳಿದವು, ಜನ ಪಂಚೆ ಎತ್ತಿಕೊಂಡು ಸುತ್ತು ಹಾಕಿ ಹೋದರು.

ಹಿಂದೆಯೇ ಬರುತ್ತಿದ್ದ ಇನ್ನಾಸಿಯಮ್ಮಾಳ್ ಅಳಲಿಲ್ಲ. ಅವಳ ತಲೆಯ ಮೇಲೂ ಬೋಗುಣಿ ಇತ್ತು, ಸೊಸೆಯತ್ತ ಬಗ್ಗುವುದಕ್ಕೂ ಆಗುತ್ತಿರಲಿಲ್ಲ. ನೆಟ್ಟಗೆ ನಿಂತು ನನ್ನ ಕಡೆ ನೋಡಿದಳು.

"ನೀನು ಕೈ ಕೊಡಲಿಲ್ಲ ತಮ್ಮಾ. ಕೊಡಬೇಡ. ಇನ್ನು ಈ ಊರಲ್ಲಿ ನಮಗೆ ಯಾರ ಕೈಯೂ ಬೇಡದ ಹಾಗೆ ಮಾಡ್ತೀನಿ, ನೋಡ್ತಿರು."

ಆ ರಾತ್ರಿ ನನಗೆ ಊಟ ಸೇರಲಿಲ್ಲ ಎಂದರೆ ನನ್ನ ಹೆಂಡತಿ ನಗುತ್ತಾಳೆ. ಸೇರಿತು. ಆದರೆ ಮೀನಿನ ಸಾರು ಬಡಿಸಿದಾಗ ತಟ್ಟೆ ನೋಡಲು ನಾಚಿಕೆಯಾಯಿತು.

ಜೆನೋವಾಳಿಗೂ ಮಗುವಿಗೂ ಏನೂ ಆಗಲಿಲ್ಲ. ಅವಳನ್ನು ಮನೆಯಲ್ಲಿ ಕೂರಿಸಿ ಇನ್ನಾಸಿಯಮ್ಮಾಳ್ ಚರ್ಚ್ ಶಾಲೆಯ ಮೇಷ್ಟ್ರಿಂದ ಅರ್ಜಿ ಬರೆಸಿ ಕೇರಿಯವರ ಹೆಬ್ಬೆಟ್ಟು ಒತ್ತಿಸಿದಳು. ನಗರಸಭೆಯಲ್ಲಿ ಸೋಮವಾರ ಅಹವಾಲು ಕೇಳುವ ದಿನ. ಒಂಬತ್ತು ಸೋಮವಾರ ಹೋದಳು. ಒಂಬತ್ತು ಸಲವೂ ಗುಮಾಸ್ತರು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಿ ಕಳಿಸಿದರು. ಹತ್ತನೇ ಸೋಮವಾರ ಬರಬೇಕೆಂದು ನನಗೂ ಚೀಟಿ ಬಂತು. ಅರ್ಜಿಯಲ್ಲಿ ನನ್ನ ಬಸ್ಸಿನ ನಂಬರೂ ಹೆಸರೂ ಇದ್ದವು. ಕೆಲಸ ಹೋಯಿತೆಂದೇ ಅಂದುಕೊಂಡೆ. ಮನೆದೇವರಿಗೆ ಹರಕೆ ಕಟ್ಟಿಕೊಂಡು ಹೋಗಿ ಕಮಿಷನರ್ ಕೋಣೆಯ ಮೂಲೆಯಲ್ಲಿ ಕೂತೆ.

ಹನ್ನೊಂದಕ್ಕೆ ಇನ್ನಾಸಿಯಮ್ಮಾಳ್ ಒಳಗೆ ಬಂದಳು. ತಲೆಯ ಮೇಲೆ ತುಂಬಿದ ಬೋಗುಣಿ, ಕೈಯಲ್ಲಿ ಅರ್ಜಿ.

"ಏನಮ್ಮಾ ಇದು? ಮೊದಲು ಅದನ್ನ ಕೆಳಗಿಡು," ಅಂದರು ಕಮಿಷನರ್. ಹೊಸದಾಗಿ ಬಂದಿದ್ದ ಚಿಕ್ಕ ವಯಸ್ಸಿನವರು.

"ಇಡ್ತೀನಿ ಸಾರ್. ಒಂದು ಕೈ ಕೊಡಿ."

ಕಮಿಷನರ್ ಗುಮಾಸ್ತನ ಕಡೆ ನೋಡಿದರು. ಗುಮಾಸ್ತ ಪ್ಯೂನನ ಕಡೆ ನೋಡಿದ. ಪ್ಯೂನ್ ಫ್ಯಾನಿನ ಕಡೆ ನೋಡಿದ.

"ನಿಧಾನವಾಗಿ ನೋಡಿ ಸಾರ್, ಅವಸರ ಇಲ್ಲ. ಗಡಿಯಾರ ಕಂಬದ ಹತ್ರ ದಿನಾ ಹೀಗೇ ನಿಂತಿರ್ತೀನಿ. ಅಲ್ಲಿ ಫ್ಯಾನಿಲ್ಲ, ಅಷ್ಟೇ ವ್ಯತ್ಯಾಸ."

ಐಸು ಕರಗಿ ಅವಳ ಕಿವಿಯ ಹಿಂದಿನಿಂದ ನೀರು ಇಳಿಯುತ್ತಿತ್ತು. ಒಂದು ಹನಿ ಮೇಜಿನ ಮೇಲಿನ ಕಡತಕ್ಕೆ ಬಿತ್ತು. ಯಾರೂ ಏಳಲಿಲ್ಲ. ಎಷ್ಟು ಹೊತ್ತು ಎಂದು ಹೇಳಲಾರೆ, ನನಗೆ ಒಂದು ಟ್ರಿಪ್ಪು ಕಳೆದಷ್ಟಾಯಿತು. ಕೊನೆಗೆ ನಾನೇ ಎದ್ದೆ. ಬೋಗುಣಿಯ ಅಂಚು ಹಿಡಿದು ಇಳಿಸಿದಾಗ ಸೊಂಟ ಕಟಕ್ಕೆಂದಿತು. ಇಷ್ಟು ಭಾರವನ್ನು ಹೊತ್ತವಳನ್ನು ನಾನು ಅಷ್ಟು ವರ್ಷ ಬಸ್ಸಿನಿಂದ ಇಳಿಸಿ ನಡೆಸಿದ್ದೆ.

"ನಿನಗೇನು ಬೇಕಮ್ಮಾ?" ಎಂದು ಕಮಿಷನರ್ ಕೇಳಿದರು. ದನಿ ಬದಲಾಗಿತ್ತು.

"ನಮ್ಮವ್ವನ ಕಲ್ಲು. ನಿಮ್ಮ ಹಿತ್ತಲಲ್ಲೇ ಇದೆ, ಬನ್ನಿ ತೋರಿಸ್ತೀನಿ."

ಎಲ್ಲರೂ ಹಿಂದೆ ಹೋದೆವು. ಜನರೇಟರಿನ ಕೆಳಗೆ ಹಾಸುಗಲ್ಲಾಗಿ ಬಿದ್ದಿತ್ತು. ನಡುವೆ ಬೋಗುಣಿಗಳು ಜಾರಿ ಜಾರಿ ತಗ್ಗು ಬಿದ್ದಿತ್ತು, ನುಣ್ಣಗೆ. ಇನ್ನಾಸಿಯಮ್ಮಾಳ್ ಮಂಡಿಯೂರಿ ಎಣ್ಣೆಯ ಕೊಳೆಯನ್ನು ಸೆರಗಿನಲ್ಲಿ ಒರೆಸಿದಳು. ಕಮಿಷನರ್ ಆ ತಗ್ಗಿನ ಮೇಲೆ ಕೈಯಾಡಿಸಿದರು.

"ಇಂಥವು ಎಷ್ಟಿದ್ದವು?"

"ನಾಲ್ಕು ಸಾರ್. ಆಗ ಊರು ಚಿಕ್ಕದು."

"ಹಾಗಾದ್ರೆ ಆರು ಮಾಡೋಣ," ಅಂದರು. ಆಮೇಲೆ ನನ್ನ ಕಡೆ ತಿರುಗಿ, "ಇವರ ಮೇಲಿನ ದೂರು?"

"ಬಿಡಿ ಸಾರ್. ಕೈ ಕೊಟ್ಟನಲ್ಲ. ಹತ್ತು ವಾರ ತಡವಾಯ್ತು, ಏನು ಮಾಡೋದು, ಅವನ ಬಸ್ಸು ಬರೋದೂ ಹಾಗೇ."

ಗುಮಾಸ್ತನೂ ನಕ್ಕ. ನಾನು ಅಂದಿನಿಂದ ಅವಳಿಗೆ ಋಣಿ. ಬಂದರಿನಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ, ಆ ಹೊತ್ತಿನಲ್ಲಿ ಮೀನಿನ ಹರಾಜುಕಟ್ಟೆಗೆ ಹೋಗಿ ಹೆಂಗಸರ ಜೊತೆ ಚಹಾ ಕುಡಿಯುವುದು ರೂಢಿಯಾಯಿತು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರೆ. ಇಲ್ಲಿ ಪೂಜಾರಿಯೂ ಕೊಟ್ಟಾಗಿತ್ತು, ಬೇಡ ಅಂದವರು ಕೇರಿಯವರೇ. ಆರು ಕಲ್ಲು ಎಂಬ ಸುದ್ದಿ ಬಂದ ಮಾರನೆಯ ದಿನ ಹರಾಜುಕಟ್ಟೆಯಲ್ಲಿ ಸೂಸೈಯಮ್ಮಾಳ್ ಅಜ್ಜಿ ಎಲೆಯಡಿಕೆ ಉಗಿದು ಎದ್ದು ನಿಂತಳು. ಕೇರಿಗೆ ಹಿರಿಯಳು, ಒಣಮೀನು ಮಾರುವವಳು, ಅವಳ ಮಾತನ್ನು ಪಾದ್ರಿಗಳೂ ದಾಟುವುದಿಲ್ಲ.

"ಒಂದು ಕಲ್ಲು ನಿಮ್ಮವ್ವಂದು. ಸರಿ. ಉಳಿದ ಐದು ಯಾರ್ದೇ ಇನ್ನಾಸೀ?"

"ಯಾರ್ದೂ ಅಲ್ಲ ಅಜ್ಜಿ. ಊರಿಂದು."

"ಊರು ಬಸುರಿಯಾಗಿ ಸತ್ತಿತ್ತಾ? ಬಸುರಿ ಸತ್ತ ಮೇಲೆ ಕಲ್ಲು ಬರೋದು. ಕಲ್ಲು ಮೊದಲು ಬಂದ್ರೆ ಸಾವು ಹಿಂದೇನೇ ಬರುತ್ತೆ. ಐದು ಕಲ್ಲು ನಿಲ್ಲಿಸ್ತೀನಿ ಅಂದ್ರೆ ಐದು ಬಸುರೀರನ್ನ ಕೇಳ್ತಿದೆ ನಿನ್ನ ನಗರಸಭೆ!"

ಯಾರೋ ಬೆರಳು ಮಡಚಿ ಎಣಿಸಿದರು. ಕೇರಿಯಲ್ಲಿ ಆಗ ಬಸುರಿಯರು ಸರಿಯಾಗಿ ಐದು ಜನ. ಒಬ್ಬರು ಹೆಚ್ಚೋ ಕಡಿಮೆಯೋ ಇದ್ದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತೇನೋ. ಸಂಖ್ಯೆ ಸರಿಹೋದದ್ದೇ ಅನಾಹುತವಾಯಿತು. ಸಂಜೆಯೊಳಗೆ ಒಬ್ಬಳ ಅತ್ತೆ ಮನೆಬಾಗಿಲಿಗೆ ಬೇವು ಕಟ್ಟಿದಳು, ಇನ್ನೊಬ್ಬಳ ಗಂಡ ಅರ್ಜಿಯಿಂದ ಹೆಬ್ಬೆಟ್ಟು ಅಳಿಸಿ ಎಂದು ಮೇಷ್ಟ್ರ ಮನೆಗೆ ಹೋದ. ಜೆನೋವಾಳ ತಾಯಿ ಪಕ್ಕದ ಊರಿನಿಂದ ಬಂದು ಮಗಳ ಬಟ್ಟೆ ಗಂಟು ಕಟ್ಟತೊಡಗಿದಳು. ಸೋಮವಾರ ನಗರಸಭೆಗೆ ಹೋಗಿ ಕಲ್ಲು ಬೇಡವೆಂದು ಬರೆದುಕೊಡಬೇಕು ಎಂದು ಕೇರಿ ತೀರ್ಮಾನಿಸಿತು.

ಹತ್ತು ಸೋಮವಾರ ಕದಲದ ಇನ್ನಾಸಿಯಮ್ಮಾಳ್ ಅವತ್ತು ತನ್ನ ಮನೆಯಂಗಳದಲ್ಲಿ ನನ್ನೆದುರು ಬಲೆಗಳ ರಾಶಿಯ ಮೇಲೆ ಕುಸಿದು ಕೂತಳು.

"ತಮ್ಮಾ, ನಗರಸಭೆಗೆ ನಾನು ಹೆದರಲ್ಲ. ಇದಕ್ಕೆ ಹೆದರ್ತೀನಿ. ನಮ್ಮವ್ವನ್ನ ಮಂಚದ ಮೇಲೆ ಎತ್ಕೊಂಡು ಹೋಗಿದ್ದು ನೋಡಿದೀನಿ. ಹೊಟ್ಟೆ ಹಾಗೇ ಇತ್ತು. ಅಜ್ಜಿ ಹೇಳಿದ್ದು ಸುಳ್ಳು ಅಂತ ಬಾಯಿ ಹೇಳುತ್ತೆ, ಎದೆ ಹೇಳಲ್ಲ."

ಉತ್ತರ ಬಂದದ್ದು ಒಳಮನೆಯಿಂದ. ತಾಯಿ ಕಟ್ಟಿದ ಗಂಟನ್ನು ಬಿಚ್ಚಿ ಬಿಸಾಡಿ ಜೆನೋವಾ ನೇರ ಹರಾಜುಕಟ್ಟೆಗೆ ನಡೆದಳು. ನಾವೂ ಹಿಂದೆ ಓಡಿದೆವು.

"ಅಜ್ಜೀ, ಐದು ಕಲ್ಲು, ಐದು ಬಸುರೀರು. ಅಷ್ಟೇ ತಾನೆ? ಹಂಚಿಬಿಡಿ. ಒಬ್ಬೊಬ್ಬಳಿಗೆ ಒಂದೊಂದು."

"ಬಾಯಿ ತೊಳ್ಕೊಳೇ ಮುಂಡೇದೆ!"

"ಕೇಳಿ ಅಜ್ಜಿ. ಇಳಿಸಲಾರದೆ ಹೋದವಳಿಗೆ ಕಲ್ಲು ನಿಲ್ಲಿಸ್ತೀರಿ. ನಾವು ಇಳಿಸ್ತೀವಿ. ಇಳಿಸಿದವಳ ಹೆಸರಲ್ಲಿ ಯಾಕೆ ನಿಲ್ಲಿಸಬಾರದು? ಸತ್ತರೆ ಮಾತ್ರ ಊರಿನ ರಸ್ತೇಲಿ ನಮಗೊಂದು ಕಲ್ಲು, ಬದುಕಿದ್ರೆ ಇಲ್ವಾ?"

"ಹಿಂದೆ ಯಾರೇ ಹಾಗೆ ಮಾಡಿದ್ರು?"

"ಹಿಂದೆ ದೊಡ್ಡಾಸ್ಪತ್ರೆ ಇತ್ತಾ? ನೀವು ಹೆತ್ತ ಒಂಬತ್ತರಲ್ಲಿ ಎಷ್ಟು ಉಳಿದ್ವು ಅಜ್ಜಿ?"

ಆ ಮಾತನ್ನು ಅಜ್ಜಿಗೆ ಯಾರೂ ಎಂದೂ ಕೇಳಿರಲಿಲ್ಲ. ಅಜ್ಜಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನೋಡಲು ಹೆಚ್ಚೇನೂ ಇರಲಿಲ್ಲ, ನಾಲ್ಕಡಿ ಏಳಂಗುಲ.

"ನಾಲ್ಕು ಉಳಿದ್ವು," ಅಂದಳು ಕೊನೆಗೆ. ಸೆರಗಿನ ತುದಿಯಿಂದ ಕಣ್ಣು ಒರೆಸಿಕೊಂಡಳು. "ಸರಿ. ಆದ್ರೆ ಒಂದು ಮಾತು. ಕಂಬ ಬೇಕಾದ್ರೆ ನೆಡಲಿ. ಅಡ್ಡಗಲ್ಲು ಮಾತ್ರ ಹೆರೋ ತನಕ ಏರಿಸಕೂಡದು. ಮೊದಲು ಅವಳು ಇಳಿಸಬೇಕು, ಆಮೇಲೆ ಕಲ್ಲು ಏರಬೇಕು. ಒಂದು ದಿನ ಮುಂಚೆ ಏರಿಸಿದ್ರೂ ಆ ಕಲ್ಲಿಗೆ ನಮ್ಮೋರು ಯಾರೂ ಬೆನ್ನು ಕೊಡಲ್ಲ."

ಹೀಗೆ ನಮ್ಮ ನಗರಸಭೆಯ ಕಾಮಗಾರಿ ಐದು ಹೆರಿಗೆಗಳಿಗೆ ಕಟ್ಟುಬಿತ್ತು.

ಅಳತೆಗೆ ಬಂದವರು ಎಂಜಿನಿಯರ್ ಪೊನ್ನುಚ್ಚಾಮಿ. ಒಳ್ಳೆಯ ಮನುಷ್ಯ, ಪುಸ್ತಕದ ಹುಳು. ಚರ್ಚಿನ ಗೋಡೆಗೆ ನಲವತ್ತು ಹೆಂಗಸರನ್ನೂ ಸಾಲಾಗಿ ನಿಲ್ಲಿಸಿ, ತಲೆಯ ಮೇಲೆ ಸಿಂಬಿ ಇಡಿಸಿ, ಸೀಮೆಸುಣ್ಣದಲ್ಲಿ ಗೀಟು ಎಳೆದರು. ಎಲ್ಲ ಗೀಟುಗಳನ್ನೂ ಕೂಡಿ ಭಾಗಿಸಿ, "ಸರಾಸರಿ ಐದಡಿ ಒಂದಂಗುಲ. ಆ ಎತ್ತರಕ್ಕೆ ಮಾಡ್ತೀವಿ," ಅಂದರು.

"ಸರಾಸರಿ ಅನ್ನೋಳು ನಮ್ಮ ಕೇರೀಲಿ ಯಾರೂ ಇಲ್ಲ ಸಾರ್," ಅಂದಳು ಇನ್ನಾಸಿಯಮ್ಮಾಳ್. "ಇಲ್ಲಿ ಎಲ್ಲರಿಗಿಂತ ಗಿಡ್ಡಿ ಯಾರೋ ನೋಡಿ. ಅವಳ ಅಳತೆಗೆ ಮಾಡಿ."

"ಹಾಗೆ ಮಾಡಿದ್ರೆ ಉಳಿದ ಮೂವತ್ತೊಂಬತ್ತು ಜನಕ್ಕೆ ತೊಂದರೆ ಅಲ್ವೇನಮ್ಮಾ?"

"ಉದ್ದ ಇರೋಳು ಮೊಣಕಾಲು ಬಗ್ಗಿಸ್ತಾಳೆ ಸಾರ್. ಗಿಡ್ಡಿ ಎಲ್ಲಿಂದ ಬೆಳೀತಾಳೆ?"

ಪೊನ್ನುಚ್ಚಾಮಿ ಪೆನ್ನನ್ನು ಕಿವಿಗೆ ಸಿಕ್ಕಿಸಿ ಗೋಡೆಯನ್ನೇ ನೋಡಿದರು. ಆಮೇಲೆ ಪುಸ್ತಕದಲ್ಲಿ ಸರಾಸರಿಯನ್ನು ಹೊಡೆದುಹಾಕಿ, ಎಲ್ಲಕ್ಕಿಂತ ಕೆಳಗಿದ್ದ ಗೀಟಿನ ಎತ್ತರವನ್ನು ಬರೆದುಕೊಂಡರು. ಅದು ಜೆನೋವಾಳದು. ಬಂದರಿನಲ್ಲಿ ಆ ದಿನವೆಲ್ಲ ಇದೇ ನಗೆ. ಎತ್ತರದ ಹೆಂಗಸರು, "ನಿನ್ನ ದೆಸೆಯಿಂದ ಇಡೀ ಊರು ಕುಗ್ಗಬೇಕಾಯ್ತಲ್ಲೇ," ಎಂದು ಛೇಡಿಸಿದರೆ, "ಇಷ್ಟು ದಿನ ನಾನೊಬ್ಬಳೇ ಎಗರ್ತಿದ್ದೆ, ಈಗ ನಿಮ್ಮ ಸರದಿ," ಎಂದು ಅವಳು.

ಜನವರಿಯಲ್ಲಿ ಅಂದೋನಿಯಮ್ಮಾಳ ಕಲ್ಲು ಗಡಿಯಾರ ಕಂಬಕ್ಕೆ ಮರಳಿತು. ಹೊಸ ಕಂಬ, ಹಳೆಯ ಅಡ್ಡಗಲ್ಲು, ಅದೇ ತಗ್ಗು. ಇನ್ನಾಸಿಯಮ್ಮಾಳ್ ಮೊದಲ ಬೋಗುಣಿ ಇಳಿಸಿ, ಕಲ್ಲಿಗೆ ಹಣೆ ಹಚ್ಚಿ ನಿಂತಳು. ಕಾರಂಜಿ ನೋಡಲು ಬಂದಿದ್ದ ಜನ ಅವಳನ್ನು ನೋಡುತ್ತಿದ್ದರು.

ಅದೇ ತಿಂಗಳು ಮೊದಲ ಹೆರಿಗೆ, ಗಂಡು. ಮಾರ್ಕೆಟ್ ಬಾಗಿಲಿನ ಅಡ್ಡಗಲ್ಲು ಏರಿತು. ಫೆಬ್ರವರಿಯಲ್ಲಿ ಎರಡು ಹೆರಿಗೆ, ಎರಡು ಕಲ್ಲು. ಮಾರ್ಚ್ ನಡುವೆ ನಾಲ್ಕನೆಯದು. ಪ್ರತಿ ಸಲವೂ ಕೇರಿಯಿಂದ ಎಂಜಿನಿಯರ್ ಆಫೀಸಿಗೆ ಒಂದು ಡಬ್ಬಿ ಕೇಸರಿಬಾತು ಹೋಗುತ್ತಿತ್ತು. ಅದು ಬಂದರೆ ಕಲ್ಲು ಏರಿಸಬಹುದು ಎಂದು ಅರ್ಥ. ಕಲ್ಲಿನ ಮೇಲೆ ಹೆತ್ತವಳ ಹೆಸರು ಕೆತ್ತಿದರು. ಹೊಸ ಕಲ್ಲುಗಳಿಗೆ ಮೀನಿನವರಷ್ಟೇ ಬರಲಿಲ್ಲ. ಸೊಪ್ಪಿನವಳು, ಬಾಳೆಗೊನೆ ಹೊರುವವನು, ಕಸ ಆಯುವ ಮುದುಕ, ಗ್ಯಾಸ್ ಸಿಲಿಂಡರ್ ಹುಡುಗರು, ಎಲ್ಲರೂ ಬಂದು ಬೆನ್ನು ಕೊಟ್ಟರು. ರಸ್ತೆ ದಾಟಿ ಮಂಟಪಕ್ಕೆ ಓಡುವುದು ನಿಂತಿತು. ಕಾವಲುಗಾರನಿಗೆ ಓಡಿಸಲು ಯಾರೂ ಇಲ್ಲದೆ ಹೊತ್ತು ಹೋಗದಾಯಿತು.

ಉಳಿದದ್ದು ಮೇಲೂರಿನ ಕಲ್ಲು, ಜೆನೋವಾಳದು. ಡಾಕ್ಟರು ಕೊಟ್ಟ ದಿನ ಏಪ್ರಿಲ್ ನಾಲ್ಕು. ಸರ್ಕಾರಿ ವರ್ಷ ಮುಗಿಯುವುದು ಮಾರ್ಚ್ ಮೂವತ್ತೊಂದಕ್ಕೆ. ಅಷ್ಟರೊಳಗೆ ಕಾಮಗಾರಿ ಮುಗಿಯದಿದ್ದರೆ ಮಂಜೂರಾದದ್ದು ವಾಪಸು. ಪೊನ್ನುಚ್ಚಾಮಿ ಮೂಸಂಬಿ ಹಿಡಿದುಕೊಂಡು ಮನೆಗೇ ಬಂದರು.

"ನೋಡಮ್ಮಾ, ಒಂದು ನಾಲ್ಕು ದಿನ ಮುಂಚೆ..."

"ಮುಂಚೆ ಹೆರೋಕೆ ನಾನೇನು ನಿಮ್ಮ ಟೆಂಡರಾ ಸಾರ್?"

ಮೂವತ್ತೊಂದರ ಬೆಳಿಗ್ಗೆ ಮೇಲೂರು ಸ್ಟಾಪಿಗೆ ನಮ್ಮ ಬಸ್ಸು ಹೋದಾಗ ಗುತ್ತಿಗೆದಾರನ ಆಳುಗಳು ಅಡ್ಡಗಲ್ಲಿಗೆ ಹಗ್ಗ ಕಟ್ಟುತ್ತಿದ್ದರು. ಹೆರಿಗೆ ಗಿರಿಗೆ ಅವನಿಗೆ ಗೊತ್ತಿಲ್ಲ, ಬಿಲ್ಲು ಮಾತ್ರ ಗೊತ್ತು. ಇನ್ನಾಸಿಯಮ್ಮಾಳ್ ಕಲ್ಲಿನ ಮೇಲೆ ಹತ್ತಿ ಕೂತಳು. ಪಕ್ಕದಲ್ಲಿ ಬೋಗುಣಿ ಇಟ್ಟು, ತಕ್ಕಡಿ ತೆಗೆದು, "ಬನ್ನಿ ಬನ್ನಿ, ಇವತ್ತು ಇಲ್ಲೇ ವ್ಯಾಪಾರ," ಎಂದು ಕೂಗತೊಡಗಿದಳು. ಒಬ್ಬೊಬ್ಬರಾಗಿ ಕೇರಿಯ ಹೆಂಗಸರು ಬಂದು ಸುತ್ತ ಕೂತರು. ಸೂಸೈಯಮ್ಮಾಳ್ ಅಜ್ಜಿಯೂ ಒಣಮೀನಿನ ಚೀಲದೊಂದಿಗೆ ಬಂದಳು. ನಾನು ಮಧ್ಯಾಹ್ನದ ಟ್ರಿಪ್ಪಿನಲ್ಲಿ ಅವರಿಗೆಲ್ಲ ನೀರಿನ ಕ್ಯಾನ್ ತಂದುಕೊಟ್ಟೆ. ಬಸ್ಸಿನಲ್ಲೇ ತಂದೆ.

ಸಂಜೆ ನಾಲ್ಕಕ್ಕೆ ಕಮಿಷನರ್ ಬಂದರು. ಎಲ್ಲ ಕೇಳಿಸಿಕೊಂಡರು. ಪೊನ್ನುಚ್ಚಾಮಿಯಿಂದ ಪುಸ್ತಕ ತೆಗೆದುಕೊಂಡು ನಿಂತಲ್ಲೇ ಬರೆದು ಗಟ್ಟಿಯಾಗಿ ಓದಿದರು: "ಕಾಮಗಾರಿ ಪೂರ್ಣಗೊಂಡಿದೆ. ಅಡ್ಡಗಲ್ಲು ಸ್ಥಳದಲ್ಲಿಯೇ ಇದೆ. ಏರಿಸುವ ದಿನವನ್ನು ಬಳಸುವವರಿಗೆ ಬಿಡಲಾಗಿದೆ." ಸಹಿ ಹಾಕಿ ಇನ್ನಾಸಿಯಮ್ಮಾಳ ಕಡೆ ತಿರುಗಿ, "ಕಾಲು ಕಿಲೋ ಬಂಗುಡೆ ಕೊಡಿ," ಅಂದರು.

"ಕಾಲು ಕಿಲೋ ಕಮಿಷನರಿಗೆ ಸಾಕಾಗುತ್ತಾ ಸಾರ್?" ಎಂದು ಅವಳು ಒಂದು ಕಿಲೋ ತೂಗಿದಳು.

ನಾಲ್ಕು ಬಂತು, ಹೋಯಿತು. ಐದೂ ಹೋಯಿತು. ಆ ಎರಡು ದಿನ ಕೇರಿಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ಆರನೆಯ ತಾರೀಕು ಬೆಳಿಗ್ಗೆ ದೊಡ್ಡಾಸ್ಪತ್ರೆಯ ಸ್ಟಾಪಿನಲ್ಲಿ ಇನ್ನಾಸಿಯಮ್ಮಾಳ್ ರಸ್ತೆಯ ನಡುವೆ ಎರಡೂ ಕೈ ಎತ್ತಿ ನಮ್ಮ ಬಸ್ಸಿಗೆ ಅಡ್ಡ ನಿಂತಳು. ತಲೆಯ ಮೇಲೆ ಏನೂ ಇರಲಿಲ್ಲ. ನಡುರಸ್ತೆಯಲ್ಲಿ ಅವಳ ತಲೆಯನ್ನು ಬರಿದಾಗಿ ನೋಡಿದ್ದು ನಾನು ಅದೇ ಮೊದಲು.

"ಇಳಿಸಿದ್ಳು ತಮ್ಮಾ! ಇಳಿಸಿದ್ಳು! ಹೆಣ್ಣು. ಮೂರು ಕಿಲೋ ಇನ್ನೂರು ಗ್ರಾಮು!"

ಅವತ್ತೇ ಮಧ್ಯಾಹ್ನ ಮೇಲೂರಿನಲ್ಲಿ ಅಡ್ಡಗಲ್ಲು ಏರಿತು. ಎಂಟು ಜನ ಹಗ್ಗ ಎಳೆದರು, ಅವರಲ್ಲಿ ಪೊನ್ನುಚ್ಚಾಮಿ ಒಬ್ಬರು, ನಾನೊಬ್ಬ. ಅಜ್ಜಿ ಉಪ್ಪು ನಿವಾಳಿಸಿ ಸಮುದ್ರದ ಕಡೆ ಎಸೆದಳು. ಕಲ್ಲಿನ ಮೇಲಿನ ಬರಹವನ್ನು ಮೇಷ್ಟ್ರು ಎಲ್ಲರಿಗೂ ಓದಿ ಹೇಳಿದರು: ಜೆನೋವಾ, ಬದುಕಿದ್ದಾಳೆ.

ಮೂರು ತಿಂಗಳು ಕಳೆದು, ಜುಲೈಯಲ್ಲಿ ಜೆನೋವಾ ಮತ್ತೆ ಬೋಗುಣಿ ಹೊತ್ತಳು. ಅವಳು ಮೇಲೂರಿಗೆ ಬರುವ ಹೊತ್ತಿಗೆ ನಮ್ಮ ಬಸ್ಸೂ ಅಲ್ಲಿತ್ತು. ಹಿಂದೆ ಇನ್ನಾಸಿಯಮ್ಮಾಳ್ ಮೊಮ್ಮಗಳನ್ನು ಎತ್ತಿಕೊಂಡು ಬರುತ್ತಿದ್ದಳು. ಅವಳ ಹೊರೆ ಆ ದಿನ ಅಷ್ಟೇ.

ನಾನು ಶಿಳ್ಳೆಯನ್ನು ಜೇಬಿಗೆ ಹಾಕಿ ಇಳಿದು ಹೋದೆ. ಅಕ್ಟೋಬರಿನಲ್ಲಿ ಕೊಡದ ಕೈಯನ್ನು ಅವತ್ತು ಕೊಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ. ಎರಡೂ ಕೈ ಚಾಚಿ ನಿಂತೆ.

"ಬೇಡಣ್ಣಾ, ಸ್ವಲ್ಪ ಸರಿ," ಅಂದಳು ಜೆನೋವಾ. ನನ್ನ ಪಕ್ಕದಿಂದ ಹಾದು, ತನ್ನ ಹೆಸರಿನ ಕಲ್ಲಿಗೆ ಬೆನ್ನು ಕೊಟ್ಟು, ಇಷ್ಟೇ ಇಷ್ಟು ಕುಗ್ಗಿದಳು. ಬೋಗುಣಿ ಸದ್ದಿಲ್ಲದೆ ಕಲ್ಲಿನ ಮೇಲೆ ಕೂತಿತು. ಕತ್ತನ್ನು ಎಡಕ್ಕೂ ಬಲಕ್ಕೂ ತಿರುಗಿಸಿ, ಬಾಟಲಿಯ ನೀರು ಕುಡಿದಳು.

ನನ್ನ ಕೈಗಳು ಚಾಚಿದ್ದು ಚಾಚಿದ ಹಾಗೇ ಇದ್ದವು. ಇನ್ನಾಸಿಯಮ್ಮಾಳ್ ಬಂದು ಅವನ್ನು ನೋಡಿದಳು.

"ಖಾಲಿ ಯಾಕೆ ಹಿಡ್ಕೊಂಡಿದೀಯ ತಮ್ಮಾ? ತಗೋ," ಎಂದು ಮಗುವನ್ನು ನನ್ನ ತೋಳಿಗೆ ಹಾಕಿದಳು.

ಮಗು ಇಸ್ತ್ರಿ ಮಾಡಿದ ನನ್ನ ಖಾಕಿಗೆ ಮುಖ ಒರೆಸಿತು. ಅಜ್ಜಿಯ ಕೈಯಿಂದ ಬಂದ ಕೂಸು, ತಲೆಯಿಂದ ಕಾಲಿನವರೆಗೂ ಬಂಗುಡೆಯ ವಾಸನೆ. ನನಗೆ ಅಳು ಬಂತು, ಬಂದದ್ದನ್ನು ತಡೆಯಲಿಲ್ಲ. ಡ್ರೈವರ್ ಹಾರ್ನ್ ಹೊಡೆಯುತ್ತಲೇ ಇದ್ದ.

ಮಗುವನ್ನು ಕೊಟ್ಟು ಬಸ್ಸು ಹತ್ತಿದಾಗ ನನ್ನ ಅಂಗಿ ಮೀನು ನಾರುತ್ತಿತ್ತು. ಯಾರೂ ನನ್ನನ್ನು ಇಳಿಸಲಿಲ್ಲ. ಮಾರನೆಯ ಬೆಳಿಗ್ಗೆ ಬಂದರಿನ ಸ್ಟಾಪಿನಲ್ಲಿ, ಇನ್ನಾಸಿಯಕ್ಕ ಬೋಗುಣಿಯ ಸಮೇತ ಹತ್ತಿ ಕೂರುವವರೆಗೆ ನಾನು ಶಿಳ್ಳೆ ಊದಲಿಲ್ಲ.